ಹೇಳಿ ಮಾಡಿಸುವುದು, ಕೇಳಿ ಮಾಡಿಸುವುದು



"ನಮ್ಮ ಜನಕ್ಕೆ ಹೊಸದೇನೂ ಬೇಡ ಸಾರ್, ಏನು ತಂದರೂ ತಕರಾರು." ಕೆಲಸ ಮಾಡಿಸುವವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿಲ್ಲ! ಎಡವಟ್ಟು ಜನರಲ್ಲೋ, ಹೊಸದನ್ನು ತಂದ ರೀತಿಯಲ್ಲೋ? ಅಮೆರಿಕದ ಒಂದು ಪೈಜಾಮ ಕಾರ್ಖಾನೆ ಇದನ್ನು ಪರೀಕ್ಷೆ ಮಾಡಿಯೇ ನೋಡಿತು.

ವರ್ಜೀನಿಯಾ ರಾಜ್ಯದ ಮೇರಿಯನ್ ಎಂಬ ಊರಿನಲ್ಲಿದ್ದ ಹಾರ್ವುಡ್ ಕಂಪನಿ ಅದು. ದುಡಿಯುತ್ತಿದ್ದವರಲ್ಲಿ ಬಹುಪಾಲು ಸುತ್ತಲಿನ ಗುಡ್ಡಗಾಡಿನ ಹೆಣ್ಣುಮಕ್ಕಳು. ಎಷ್ಟು ಪೀಸೋ ಅಷ್ಟು ಕೂಲಿ. ಗಂಟೆಗೆ 60 ಯೂನಿಟ್ ಟಾರ್ಗೆಟ್. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲಸದ ಕ್ರಮ ಬದಲಾದಾಗಲೆಲ್ಲ ನುರಿತ ಕೈಗಳೇ ನಿಧಾನವಾಗುತ್ತಿದ್ದವು. ಹಲವರು ಕೆಲಸ ಬಿಡುತ್ತಿದ್ದರು.

ಮನೋವಿಜ್ಞಾನಿ ಜಾನ್ ಫ್ರೆಂಚ್ ಮತ್ತು ಕಂಪನಿಯ ಸಿಬ್ಬಂದಿ ಅಧಿಕಾರಿ ಸೇರಿ ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ರೀತಿಯಲ್ಲಿ ಬದಲಾವಣೆ ತಂದರು. ಇಸ್ತ್ರಿ ಮಾಡುವ 18 ಜನರಿಗೆ ಆಡಳಿತವೇ ಎಲ್ಲ ತೀರ್ಮಾನಿಸಿ, ಸಭೆ ಕರೆದು ತಿಳಿಸಿತು: ಇನ್ನು ಮೇಲೆ ಬಟ್ಟೆಯನ್ನು ರಟ್ಟಿನ ಮೇಲೆ ಪೇರಿಸಬೇಡಿ, ಡಬ್ಬಿಯಲ್ಲಿ ಜೋಡಿಸಿ. ಪ್ರಶ್ನೆಗಳಿಗೆ ಉತ್ತರವನ್ನೂ ಕೊಟ್ಟಿತು. ಬೈಗುಳವಿಲ್ಲ, ಬೆದರಿಕೆಯಿಲ್ಲ, ಒಳ್ಳೆಯ ಆಡಳಿತವೇ ಅನ್ನಿ. ಆದರೂ ಉತ್ಪಾದನೆ ಬಿತ್ತು, ಮೇಲೇಳಲಿಲ್ಲ. 40 ದಿನದೊಳಗೆ ನೂರಕ್ಕೆ 17 ಮಂದಿ ಕೆಲಸ ಬಿಟ್ಟರು. ಹೊಸ ಕೂಲಿದರ ಅನ್ಯಾಯ ಎಂದು ದೂರು ಬಂತು. ಲೆಕ್ಕ ತೆಗೆದು ನೋಡಿದರೆ, ದರ ತುಸು ಧಾರಾಳವಾಗಿಯೇ ಇತ್ತು!

ಇನ್ನೊಂದು ಗುಂಪಿನ ಮುಂದೆ ನೋಡಲು ಒಂದೇ ತರಹದ ಎರಡು ಉಡುಪು ಇಟ್ಟರು. ಒಂದು 1946ರಲ್ಲಿ ತಯಾರಾದದ್ದು, ಇನ್ನೊಂದು 1947ರದು. ಮೊದಲನೆಯದರ ಬೆಲೆ ಎರಡನೆಯದರ ಇಮ್ಮಡಿ. ಅಗ್ಗದ್ದು ಯಾವುದು ಹೇಳಿ ಎಂದರು. ಯಾರಿಗೂ ಗುರುತು ಹತ್ತಲಿಲ್ಲ. ಬೆಲೆ ಅರ್ಧಕ್ಕೆ ಇಳಿದದ್ದು ಕಣ್ಣೆದುರಿಗೇ ಇದ್ದಾಗ, ಖರ್ಚು ಯಾಕೆ ಇಳಿಸಬೇಕು ಎಂಬ ಉಪನ್ಯಾಸದ ಅಗತ್ಯವೇ ಬೀಳಲಿಲ್ಲ. ಏಳೆಂಟು ಜನರ ಎರಡು ಚಿಕ್ಕ ಗುಂಪುಗಳಲ್ಲಂತೂ ಹೊಸ ಕ್ರಮವನ್ನು ರೂಪಿಸಲು ಎಲ್ಲರನ್ನೂ ಕೂರಿಸಿಕೊಂಡರು. ಸಲಹೆಗಳು ಎಷ್ಟು ಬಂದವೆಂದರೆ ಬರೆದುಕೊಳ್ಳುವವರಿಗೇ ಕಷ್ಟವಾಯಿತು. ಆ ಗುಂಪುಗಳ ಉತ್ಪಾದನೆ ಹಿಂದಿಗಿಂತ ಸುಮಾರು ಶೇಕಡ 14ರಷ್ಟು ಏರಿತು. ಒಬ್ಬರೂ ಬಿಟ್ಟುಹೋಗಲಿಲ್ಲ.

ಮೊದಲ ಗುಂಪಿನವರೇ ಸ್ವಭಾವತಃ ಜಗಳಗಂಟರು ಎನ್ನೋಣವೇ? ಎರಡೂವರೆ ತಿಂಗಳ ನಂತರ ಅವರಲ್ಲಿ ಉಳಿದಿದ್ದ 13 ಮಂದಿಗೆ ಬೇರೆ ಕೆಲಸ ಕೊಟ್ಟರು, ಈ ಸಲ ಅವರನ್ನೂ ಕೇಳಿಕೊಂಡೇ. ಅವರೂ ಬೇಗನೆ ಚೇತರಿಸಿಕೊಂಡರು.

ಹಾಗೆಂದು ಇದು ಎಲ್ಲ ರೋಗಕ್ಕೂ ಮದ್ದಲ್ಲ. ಫ್ರೆಂಚ್ ಅವರೇ ಸಂಗಡಿಗರೊಂದಿಗೆ ನಾರ್ವೆಯ ಒಂದು ಪಾದರಕ್ಷೆ ಕಾರ್ಖಾನೆಯಲ್ಲಿ ಇಂಥದೇ ಪ್ರಯೋಗ ಮಾಡಿ 1960ರಲ್ಲಿ ಪ್ರಕಟಿಸಿದರು. ಅಲ್ಲಿ ಉತ್ಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಉತ್ಪಾದನೆಗೆ ನೇರವಾಗಿ ತಾಗುವ ತೀರ್ಮಾನಗಳನ್ನು ಆ ಕೆಲಸಗಾರರ ಮುಂದೆ ಇಟ್ಟೇ ಇರಲಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಆದೇಶಕ್ಕೆ ಸಹಿ ಬಿದ್ದ ಮೇಲೆ "ನಿಮ್ಮ ಅಭಿಪ್ರಾಯ ಹೇಳಿ" ಎಂದು ಕರೆಯುವ ನಮ್ಮ ಕಚೇರಿಗಳ ಸಭೆಗಳಿಗೂ ಈ ಕಾರಣ ಚೆನ್ನಾಗಿ ಹೊಂದುತ್ತದೆ.