ಬೀಗವಿಲ್ಲದ ಕಪಾಟು



ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆ ಅದು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯಲ್ಲಿ ಬರೆದ ತಾಳೆಗರಿಯ ಕಟ್ಟೊಂದನ್ನು ಅಲ್ಲಿಗೆ ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಆ ಕಟ್ಟನ್ನು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ದಂಡಿ, ಬಾಣ ಮುಂತಾದವರ ಮಾತುಗಳಿಂದ ಹೆಸರು ಮಾತ್ರ ತಿಳಿದಿದ್ದ, ಕಳೆದೇಹೋಯಿತೆಂದು ವಿದ್ವಾಂಸರು ಭಾವಿಸಿದ್ದ ಗ್ರಂಥ. ಶಾಮಶಾಸ್ತ್ರಿಗಳು 1905ರಿಂದ ಅದರ ವಿಷಯವನ್ನು ಲೋಕಕ್ಕೆ ತಿಳಿಸತೊಡಗಿ, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಪ್ರಾಚೀನ ಭಾರತದ ರಾಜ್ಯಾಡಳಿತವನ್ನು ಕುರಿತು ನಾವು ಇಂದು ಓದುವ ಪಾಠಗಳಲ್ಲಿ ಬಹುಭಾಗ ಆ ಒಂದು ಕಟ್ಟಿನಿಂದ ಬಂದದ್ದು.

ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಗ್ರಂಥ ನಾಶವಾಗಿರಲಿಲ್ಲ, ಎಲ್ಲೋ ಇತ್ತು. ಇದ್ದೂ ಇಲ್ಲದಂತಿತ್ತು. ಅದು ಗ್ರಂಥಾಲಯಕ್ಕೆ ಬಂತು, ಏನೆಂದು ಗುರುತಿಸಬಲ್ಲವರು ಅಲ್ಲಿದ್ದರು, ಗುರುತಿಸಿದ ಮೇಲೆ ಅದನ್ನು ಎಲ್ಲರ ಕೈಗೂ ಕೊಟ್ಟರು. ಈ ಮೂರೂ ಸೇರಿದಾಗ ಮಾತ್ರ ಅದು ಪುಸ್ತಕವಾಯಿತು. ಇಂದು ನಾನು ಮಾತನಾಡಬೇಕಾಗಿರುವುದು ಗಣಕಯಂತ್ರದಲ್ಲಿರುವ ಗ್ರಂಥಾಲಯಗಳ ಬಗ್ಗೆ. ಆದರೆ ನನ್ನ ಮಟ್ಟಿಗೆ ವಿಷಯ ಅಷ್ಟೇನೂ ಬದಲಾಗಿಲ್ಲ.

ನಾನೊಬ್ಬ ಕಾಲೇಜಿನ ಗ್ರಂಥಪಾಲಕ. ಕೆಲವು ವರ್ಷಗಳ ಹಿಂದೆ ರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ನನ್ನ ಮೇಜಿನ ಬಳಿ ಬಂದಳು. ಪಾವಗಡದ ಕಡೆಯ ಹುಡುಗಿ. ಆ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ನಿಮಗೆ ಗೊತ್ತೇ ಇದೆ. ಅವಳ ಪ್ರಾಜೆಕ್ಟ್ ಅದೇ ವಿಷಯದ ಮೇಲೆ.

“ಸಾರ್, ನಮ್ಮ ಕಡೆ ನೀರಿನ ಬಗ್ಗೇನೇ ಬರೆದಿದ್ದಾರೆ. ಸಾರಾಂಶ ಮಾತ್ರ ಕಾಣಿಸ್ತಿದೆ, ಮಿಕ್ಕಿದ್ದಕ್ಕೆ ದುಡ್ಡು ಕೇಳ್ತಿದೆ” ಎಂದಳು.

ನೋಡಿದೆ. ಪ್ರಬಂಧ ಒಂದು ವಿದೇಶೀ ನಿಯತಕಾಲಿಕದಲ್ಲಿತ್ತು. ಒಮ್ಮೆ ತೆರೆದು ಓದಲು ಮೂವತ್ತು ಡಾಲರಿಗೂ ಮೇಲೆ. ನಮ್ಮ ಕಾಲೇಜು ಆ ಪತ್ರಿಕೆಗೆ ಚಂದಾ ಕಟ್ಟಿರಲಿಲ್ಲ. ಕಟ್ಟುವ ಶಕ್ತಿಯೂ ಇರಲಿಲ್ಲ. ಅವಳ ಮನೆಯ ಸುತ್ತಮುತ್ತಲ ಬಾವಿಗಳ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗಿ, ನಮ್ಮ ತೆರಿಗೆ ಹಣದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ, ಬರೆದ ಪ್ರಬಂಧ. ಅದನ್ನು ಓದುವ ಅವಕಾಶ ಆ ನೀರು ಕುಡಿದವಳಿಗಿಲ್ಲ.

ಇದು ಹೀಗೇಕೆ ಆಯಿತೆಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ. ವಿಜ್ಞಾನಿಗಳು ತಮ್ಮ ಶೋಧಗಳನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಪದ್ಧತಿ 1665ರಲ್ಲಿ ಪ್ಯಾರಿಸ್ ಮತ್ತು ಲಂಡನ್ನಿನಲ್ಲಿ ಆರಂಭವಾಯಿತು. ಕಥೆ ಕಾದಂಬರಿ ಬರೆದವರಿಗೆ ಗೌರವಧನ ಉಂಟು. ಸಂಶೋಧನಾ ಪ್ರಬಂಧ ಬರೆದವರಿಗೆ ಪತ್ರಿಕೆ ಸಂಭಾವನೆ ಕೊಡುವುದಿಲ್ಲ. ಅದನ್ನು ಪರಿಶೀಲಿಸಿ ತಪ್ಪು ಒಪ್ಪು ಹೇಳುವ ಇತರ ವಿದ್ವಾಂಸರಿಗೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದುದು ಓದುಗರು, ಹಣವಲ್ಲ. ಕಾಗದ, ಅಚ್ಚು, ಅಂಚೆಗಳಿಗೆ ಖರ್ಚು ಇದ್ದ ಕಾಲದಲ್ಲಿ ಚಂದಾ ಕೇಳುವುದು ನ್ಯಾಯವೇ ಆಗಿತ್ತು. ಗಣಕಯಂತ್ರದ ಜಾಲ ಬಂದು, ಒಂದು ಪ್ರತಿಯನ್ನು ಸಾವಿರ ಜನಕ್ಕೆ ಕಳುಹಿಸುವ ಖರ್ಚು ಇಲ್ಲವೆನ್ನುವಷ್ಟಕ್ಕೆ ಇಳಿದ ಮೇಲೂ ಬೀಗ ಹಾಗೆಯೇ ಉಳಿದದ್ದು ವಿಚಿತ್ರ.

ಆ ಬೀಗವನ್ನು ಮೊದಲು ತೆಗೆದವರಲ್ಲಿ ಭೌತವಿಜ್ಞಾನಿಗಳು ಮುಖ್ಯರು. 1991ರ ಆಗಸ್ಟಿನಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಪಾಲ್ ಗಿನ್ಸ್‌ಪಾರ್ಗ್ ಎಂಬವರು ಒಂದು ಗಣಕಯಂತ್ರದಲ್ಲಿ ಏರ್ಪಾಡು ಮಾಡಿದರು. ಪ್ರಬಂಧ ಬರೆದವರು ಪತ್ರಿಕೆಯಲ್ಲಿ ಅಚ್ಚಾಗುವುದಕ್ಕೆ ಮೊದಲೇ ಒಂದು ಪ್ರತಿಯನ್ನು ಅಲ್ಲಿ ಇರಿಸಬಹುದು, ಬೇಕಾದವರು ತರಿಸಿಕೊಳ್ಳಬಹುದು. ಮುಂದೆ ಆರ್ಕೈವ್ ಎಂಬ ಹೆಸರು ಪಡೆದ ಈ ಭಂಡಾರ 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ಬಂತು. ಇಂದು ಅದರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ. ಓದಲು ಕಾಸು ಕೊಡಬೇಕಾಗಿಲ್ಲ. 2002ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ನಗರದ ಹೆಸರಿನಲ್ಲಿ ಹೊರಟ ಘೋಷಣೆಯೊಂದು ಇಂಥ ಏರ್ಪಾಡಿಗೆ ‘ಮುಕ್ತ ಪ್ರವೇಶ’ ಎಂಬ ಹೆಸರನ್ನು ನೆಲೆಗೊಳಿಸಿತು. ವಿದ್ವತ್ಪೂರ್ಣ ಪ್ರಬಂಧಗಳನ್ನು ಯಾರು ಬೇಕಾದರೂ ಹಣ ತೆರದೆ ಓದಬಹುದು, ಇಳಿಸಿಕೊಳ್ಳಬಹುದು, ಹಂಚಬಹುದು. ಬರೆದವರ ಹೆಸರನ್ನು ಮಾತ್ರ ಬಿಡಬಾರದು. ಅದರ ಸಾರ ಇಷ್ಟು.

ಅದೇ 2002ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭಾರತದ ಮೊದಲ ಸಾಂಸ್ಥಿಕ ಭಂಡಾರ ಆರಂಭವಾಯಿತು. ಸಂಸ್ಥೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಬರೆದ ಪ್ರಬಂಧಗಳ ಪ್ರತಿಗಳನ್ನು ಒಂದೆಡೆ ಇರಿಸುವ ವ್ಯವಸ್ಥೆ ಅದು. ಅದಕ್ಕೆ ಬಳಸಿದ ‘ಇ-ಪ್ರಿಂಟ್ಸ್’ ತಂತ್ರಾಂಶ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಲ್ಲಿ ತಯಾರಾದದ್ದು, ಉಚಿತವಾಗಿ ದೊರೆಯುವಂಥದು. ನಗರದ ಇನ್ನೊಂದು ಸಂಸ್ಥೆಯನ್ನೂ ಹೆಸರಿಸಲೇಬೇಕು. ಸಿ.ವಿ. ರಾಮನ್ನರು 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ತನ್ನ ಪತ್ರಿಕೆಗಳ ಪ್ರಬಂಧಗಳನ್ನು ಬಹಳ ಹಿಂದಿನಿಂದಲೇ ತನ್ನ ಜಾಲತಾಣದಲ್ಲಿ ಉಚಿತವಾಗಿ ಇರಿಸುತ್ತ ಬಂದಿದೆ. ಇದೇಕೆ ದೊಡ್ಡ ಮಾತು ಎಂದರೆ, ಎಷ್ಟೋ ಕಡೆ ಓದುಗನಿಗೆ ಬಾಗಿಲು ತೆರೆಯುವ ನೆಪದಲ್ಲಿ ಬರೆದವನಿಂದಲೇ ಹಣ ಕೇಳುವ ಪದ್ಧತಿ ಬಂದಿದೆ. ‘ನೇಚರ್’ ಪತ್ರಿಕೆ 2021ರಲ್ಲಿ ಇದಕ್ಕಾಗಿ ಗೊತ್ತುಮಾಡಿದ್ದ ಮೊತ್ತ ಪ್ರಬಂಧವೊಂದಕ್ಕೆ 9,500 ಯೂರೋ ಆಗಿತ್ತು. ಬಾಗಿಲಲ್ಲಿದ್ದ ಸುಂಕದಕಟ್ಟೆಯನ್ನು ಎತ್ತಿ ಹಿತ್ತಿಲಲ್ಲಿ ಇಟ್ಟಂತಾಯಿತು, ಅಷ್ಟೆ.

ಬೀಗದ ಮಾತು ಇಲ್ಲಿಗೆ ಸಾಕು. ಬೀಗವಿಲ್ಲದಿದ್ದರೂ ಪುಸ್ತಕ ಸಿಗದೆ ಹೋಗಬಹುದೆಂಬುದು ನನ್ನ ವೃತ್ತಿಯವರಿಗೆ ಮಾತ್ರ ಗೊತ್ತಿರುವ ಸಂಕಟ.

ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ರಾಜ್ ರೆಡ್ಡಿ ಅವರು ಮುಂದೆ ನಿಂತು ನಡೆಸಿದ ಹತ್ತು ಲಕ್ಷ ಪುಸ್ತಕಗಳ ಯೋಜನೆಯ ಭಾಗವಾಗಿ ನಮ್ಮ ದೇಶದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ರೂಪುಗೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆ ಅದರಲ್ಲಿ ಪ್ರಮುಖ ಪಾತ್ರ ವಹಿಸಿತು. ದೇಶದ ಹಲವು ಕಡೆ ಯಂತ್ರಗಳನ್ನಿಟ್ಟು ಹಳೆಯ ಪುಸ್ತಕಗಳ ಪುಟಪುಟದ ಚಿತ್ರ ತೆಗೆದರು. ಕನ್ನಡದ ಸಾವಿರಾರು ಪುಸ್ತಕಗಳು ಅದರಲ್ಲಿದ್ದವು. ಇಂಥ ಕೆಲಸ ಮಾಡಿದವರಿಗೆ ನಾವು ಋಣಿಗಳು. ಆದರೆ ಪುಸ್ತಕದ ಹೆಸರನ್ನು ರೋಮನ್ ಅಕ್ಷರದಲ್ಲಿ ಮನಸ್ಸಿಗೆ ಬಂದಂತೆ ದಾಖಲಿಸಿದ್ದುಂಟು. ಒಂದೇ ಲೇಖಕರ ಹೆಸರು ನಾಲ್ಕು ಕಾಗುಣಿತದಲ್ಲಿ. ಕೆಲವು ಪುಸ್ತಕಗಳಲ್ಲಿ ಪುಟಗಳೇ ಇಲ್ಲ. ‘ಕಾರಂತ’ ಎಂದು ಹುಡುಕಿದವನಿಗೆ ಒಂದಷ್ಟು ಸಿಗುತ್ತದೆ. ಬೇರೆ ಕಾಗುಣಿತದ ಕೆಳಗೆ ಕುಳಿತಿರುವ ಪುಸ್ತಕಗಳು ಸಿಗುವುದಿಲ್ಲ. ಚಿತ್ರ ತೆಗೆಯುವುದು ಯಂತ್ರದ ಕೆಲಸ. ಇದು ಯಾವ ಪುಸ್ತಕ, ಯಾರದು, ಯಾವ ವರ್ಷದ್ದು, ಎಷ್ಟನೆಯ ಮುದ್ರಣ ಎಂದು ನೋಡಿ ಬರೆಯುವುದು ಶಾಮಶಾಸ್ತ್ರಿಗಳ ಕೆಲಸ. ಎರಡನೆಯದಕ್ಕೆ ಸಂಬಳ ಕೊಡಲು ಯಾರಿಗೂ ನೆನಪಾಗುವುದಿಲ್ಲ. ಇದು ನನ್ನ ಅನುಭವದ ದೂರೆಂದೇ ತಿಳಿಯಿರಿ!

ಮುಂದೆ 2017ರ ಸುಮಾರಿಗೆ ಆ ಜಾಲತಾಣವೇ ತೆರೆಯದಂತಾಯಿತು. ಅಷ್ಟರಲ್ಲಿ ಅದರ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಪ್ರತಿಗಳು ಅಮೆರಿಕದ ಇಂಟರ್ನೆಟ್ ಆರ್ಕೈವ್ ಸೇರಿದ್ದವು. ಆದ್ದರಿಂದ ಇಂದಿಗೂ ಓದಲು ಸಿಗುತ್ತಿವೆ. ಹಿಂದಿನವರು ಓಲೆಯ ಗ್ರಂಥವನ್ನು ಪ್ರತಿ ಮಾಡಿ ಬೇರೆ ಬೇರೆ ಊರಿನ ಮಠಗಳಲ್ಲಿ, ಬಸದಿಗಳಲ್ಲಿ ಇಡುತ್ತಿದ್ದರಲ್ಲ, ಅದೇ ಯುಕ್ತಿ. ಒಂದು ಕಡೆ ಗೆದ್ದಲು ಹಿಡಿದರೆ ಇನ್ನೊಂದು ಕಡೆ ಉಳಿದಿರುತ್ತದೆ.

ಗಣಕಯಂತ್ರಕ್ಕೂ ಗೆದ್ದಲು ಹಿಡಿಯುತ್ತದೆಂಬುದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ನಮ್ಮ ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳ ಪರಿವಿಡಿಯನ್ನು ಬಹಳ ಶ್ರಮಪಟ್ಟು ಟೈಪು ಮಾಡಿಸಿ ಫ್ಲಾಪಿಗಳಲ್ಲಿ ಇಟ್ಟಿದ್ದೆ. ಫ್ಲಾಪಿ ಹಾಕುವ ಯಂತ್ರಗಳೇ ಹೋದವು. ಹೇಗೋ ಒಬ್ಬರ ಬಳಿ ಒಂದು ಸಿಕ್ಕಿ ತೆರೆದರೆ, ತೆರೆಯ ಮೇಲೆ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರ, ಅಡ್ಡಗೀಟು, ಚುಕ್ಕಿಗಳ ಒಂದು ಸಂತೆ. ಆಗಿನ ಕನ್ನಡ ಅಕ್ಷರವಿನ್ಯಾಸಗಳು ಒಂದೊಂದು ತಂತ್ರಾಂಶಕ್ಕೆ ಒಂದೊಂದು ರೀತಿ ಇದ್ದವು. ನಾವು ಬಳಸಿದ ಅಕ್ಷರವಿನ್ಯಾಸ ಇಲ್ಲದ ಯಂತ್ರಕ್ಕೆ ನಮ್ಮ ‘ಅ’ ಎಂದರೇನೆಂದು ಗೊತ್ತಿಲ್ಲ. ಯೂನಿಕೋಡ್ ಎಂಬ ವಿಶ್ವಮಾನ್ಯ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ನಾವು ಅದನ್ನು ಬಳಕೆಗೆ ತಂದುಕೊಂಡದ್ದು ತಡವಾಗಿ. ಹಾಗೆ ನೋಡಿದರೆ ಅಚ್ಚಾದ ಸಂಚಿಕೆಗಳು ಕಪಾಟಿನಲ್ಲಿ ಸುಖವಾಗಿದ್ದವು. ಪರಿವಿಡಿಯನ್ನು ಮತ್ತೆ ಮೊದಲಿನಿಂದ ಟೈಪು ಮಾಡಿಸಿದೆವು.

ಈ ಕೆಲಸಗಳಿಗೆಲ್ಲ ಈಗ ತಕ್ಕಮಟ್ಟಿನ ನಿಯಮಗಳಿವೆ. ಕೃತಿಯ ವಿವರ ಬರೆಯಲು ‘ಡಬ್ಲಿನ್ ಕೋರ್’ ಎಂಬ ಹದಿನೈದು ಅಂಶಗಳ ಪಟ್ಟಿ ಇದೆ. ಡಬ್ಲಿನ್ ಎಂದರೆ ಐರ್ಲೆಂಡಿನದಲ್ಲ, ಅಮೆರಿಕದ ಒಹಾಯೋ ರಾಜ್ಯದ ಊರು, 1995ರಲ್ಲಿ ಅಲ್ಲಿ ನಡೆದ ಸಭೆಯಿಂದ ಆ ಹೆಸರು. ಎಲ್ಲ ಭಂಡಾರಗಳೂ ಒಂದೇ ಬಗೆಯಲ್ಲಿ ವಿವರ ಬರೆದಿಟ್ಟರೆ, ಒಂದು ಕಡೆ ಕುಳಿತು ಹುಡುಕಿದವನಿಗೆ ನೂರು ಕಡೆಯದು ಸಿಗುತ್ತದೆ.

ಹಕ್ಕುಸ್ವಾಮ್ಯದ ವಿಷಯವನ್ನೂ ಮರೆಯಬಾರದು. ನಮ್ಮ ಕಾನೂನಿನಂತೆ ಲೇಖಕರ ಜೀವಿತಕಾಲ, ಅನಂತರ ಅರವತ್ತು ವರ್ಷ. ಕುವೆಂಪು ಅವರು ತೀರಿಕೊಂಡದ್ದು 1994ರಲ್ಲಿ. ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಮುಕ್ತ ಪ್ರವೇಶವೆಂದರೆ ಸಿಕ್ಕಿದ್ದನ್ನೆಲ್ಲ ಚಿತ್ರ ತೆಗೆದು ಹಂಚುವುದಲ್ಲ. ಬರೆದವರೇ ಒಪ್ಪಿ ಕೊಡುವುದು.

ಈಗ ಸರ್ಕಾರದ ಪ್ರಯತ್ನಗಳಿಗೆ ಬರೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮದ ಫಲವಾಗಿ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಎಂಬ ಭಂಡಾರವನ್ನು ಸೇರುತ್ತಿವೆ. ಅದನ್ನು ನಡೆಸುತ್ತಿರುವುದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ. ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ, ಕನ್ನಡದಲ್ಲಿ ಬರೆದವೂ ಸಾಕಷ್ಟಿವೆ. ಮನೆಯಲ್ಲಿ ಕುಳಿತೇ ಓದಬಹುದು. 2025ರ ಜನವರಿ 1ರಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಜಾರಿಗೆ ಬಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಸುಮಾರು 6,300 ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಲಭ್ಯ. ಸಣ್ಣ ಊರಿನ ಸರ್ಕಾರಿ ಕಾಲೇಜಿಗೂ ದೊಡ್ಡ ಸಂಸ್ಥೆಗೂ ಒಂದೇ ಕಪಾಟು ಸಿಕ್ಕಿತೆಂಬುದು ಸಣ್ಣ ಮಾತಲ್ಲ. ಆದರೆ ಇದು ಚಂದಾ. ಕಟ್ಟಿದಷ್ಟು ದಿನದ ಲೆಕ್ಕ. ಖಾಸಗಿ ಕಾಲೇಜಿನ ವಿದ್ಯಾರ್ಥಿ, ಓದು ಮುಗಿಸಿ ಊರಿಗೆ ಹೋದ ಪದವೀಧರ, ಪ್ರೌಢಶಾಲೆಯ ಮೇಷ್ಟರು, ತಾಲ್ಲೂಕು ಆಸ್ಪತ್ರೆಯ ವೈದ್ಯರು ಮೊದಲ ಹಂತದ ಪಟ್ಟಿಯೊಳಗೆ ಬಂದಿಲ್ಲ. ಬರೆದವರು ತಮ್ಮ ಒಂದು ಪ್ರತಿಯನ್ನು ತಮ್ಮ ಸಂಸ್ಥೆಯ ಭಂಡಾರದಲ್ಲಿ ಇಡುವ ಅಭ್ಯಾಸವೇ ಇವರಿಗೆಲ್ಲ ದಾರಿ. ಅನೇಕ ಪ್ರಕಾಶಕರು ಅಂತಿಮ ಹಸ್ತಪ್ರತಿಯನ್ನು, ಕೆಲವೊಮ್ಮೆ ಒಂದಷ್ಟು ತಿಂಗಳು ಕಳೆದ ಮೇಲೆ, ಹಾಗೆ ಇಡಲು ಒಪ್ಪುತ್ತಾರೆ. ಇಡುವವರಿಗೆ ಬಿಡುವಿರುವುದಿಲ್ಲ, ಅಷ್ಟೆ.

ಆ ಹುಡುಗಿಗೆ ಏನು ಹೇಳಿದೆನೆಂದು ತಿಳಿಸುವುದು ಉಳಿಯಿತು. “ದುಡ್ಡು ಕೊಡಬೇಡಮ್ಮ, ಬರೆದವರಿಗೇ ಒಂದು ಕಾಗದ ಹಾಕು. ಸಾರಾಂಶದ ಕೆಳಗೆ ಅವರ ಇ-ಮೇಲ್ ವಿಳಾಸ ಇದೆ ನೋಡು” ಎಂದೆ. ಅವಳಿಗೆ ಸಂಕೋಚ. ಅಷ್ಟು ದೊಡ್ಡವರಿಗೆ ನಾನು ಬರೆಯೋದೇ ಎಂದಳು. ಇಬ್ಬರೂ ಕೂತು ನಾಲ್ಕು ಸಾಲು ಬರೆದೆವು. ಮೂರನೆಯ ದಿನಕ್ಕೆ ಪ್ರಬಂಧ ಬಂತು, ಜೊತೆಗೆ ಅಚ್ಚಾಗದ ಒಂದು ಪಟ್ಟಿಯೂ ಬಂತು. ಯಾವ ಯಾವ ಊರಿನ ಯಾವ ಬಾವಿಯಲ್ಲಿ ಎಷ್ಟೆಷ್ಟು ಫ್ಲೋರೈಡ್ ಎಂದು. ಅವಳ ಊರಿನದೂ ಅದರಲ್ಲಿತ್ತು.

ವರ್ಷದ ಕೊನೆಯಲ್ಲಿ ತನ್ನ ಪ್ರಾಜೆಕ್ಟ್ ವರದಿಯನ್ನು ತಂದು, ಎಲ್ಲರೂ ನೋಡುವ ಹಾಗೆ ಇಡೋಕಾಗುತ್ತಾ ಸಾರ್ ಎಂದು ಕೇಳಿದಳು. ಮಾರ್ಗದರ್ಶಕರ ಒಪ್ಪಿಗೆ ಪಡೆದು ಕಾಲೇಜಿನ ಪುಟ್ಟ ಭಂಡಾರದಲ್ಲಿ ಇಟ್ಟೆವು. ವಿವರವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಾನೇ ಬರೆದೆ. ಮಾರನೆಯ ದಿನ ಬೆಳಿಗ್ಗೆಯೇ ಬಂದು ನಿಂತಳು: ಅವಳ ಊರಿನ ಹೆಸರಿನಲ್ಲಿ ನಾನೊಂದು ಒತ್ತಕ್ಷರ ಬಿಟ್ಟಿದ್ದೆ.