ಐಶ್ವರ್ಯದ ನಡುವೆ ಬಡ ಮಕ್ಕಳು

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಪವಿತ್ರ ಸನ್ನಿಧಿಯಲ್ಲಿ ನಾಲ್ಕು ಮಾತುಗಳನ್ನಾಡುವಂತೆ ಅಪ್ಪಣೆಯಾದುದು ನನ್ನ ಪುಣ್ಯವೆಂದು ಭಾವಿಸುತ್ತೇನೆ. ನಾನು ಪಂಡಿತನಲ್ಲ, ಭದ್ರಾವತಿಯಲ್ಲಿಯೂ ಶಿವಮೊಗ್ಗದಲ್ಲಿಯೂ ಮಕ್ಕಳಿಗೆ ಪಾಠ ಹೇಳಿ ಆಯುಷ್ಯವನ್ನು ಕಳೆದ ಒಬ್ಬ ಉಪಾಧ್ಯಾಯ. ಈ ದಿನ ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಒಬ್ಬ ಹುಡುಗನು ಕುಳಿತಿದ್ದನು. ಬಡಿಸುವವರು ಅವನನ್ನು, ‘ನೀನು ಯಾರ ಮಗ? ನಿನ್ನ ತಂದೆಗೆ ವರಮಾನವೆಷ್ಟು?’ ಎಂದು ಕೇಳಲಿಲ್ಲ. ಅವನು ಎಲೆಯ ಮುಂದೆ ಕುಳಿತಿದ್ದನೆಂಬುದೇ ಅವರಿಗೆ ಸಾಕಾಗಿದ್ದಿತು. ನಿತ್ಯವೂ ಇದನ್ನು ನೋಡುವ ನಮಗೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಪ್ರಪಂಚದ ಮಹಾಶ್ರೀಮಂತ ರಾಷ್ಟ್ರಗಳು ನೂರು ವರ್ಷಗಳಿಗೂ ಮೇಲ್ಪಟ್ಟು ಬಿಡಿಸಲಾರದೆ ತೊಳಲುತ್ತಿರುವ ಒಂದು ಪ್ರಶ್ನೆಯು ಆಗ ನನ್ನ ನೆನಪಿಗೆ ಬಂದಿತು. ಅದನ್ನೇ ಈಗ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಬಡ ದೇಶದಲ್ಲಿ ಮಕ್ಕಳು ಬಡವರಾಗಿರುವುದು ದುಃಖದ ಸಂಗತಿಯೇ ಹೊರತು ಆಶ್ಚರ್ಯದ ಸಂಗತಿಯಲ್ಲ. ಐಶ್ವರ್ಯವು ತುಂಬಿ ತುಳುಕುತ್ತಿರುವಲ್ಲಿ, ಪ್ರಜೆಗಳ ಯೋಗಕ್ಷೇಮವೇ ತನ್ನ ಕರ್ತವ್ಯವೆಂದು ಸರ್ಕಾರವು ಸಾರಿರುವಲ್ಲಿ, ಮಕ್ಕಳು ಬಡವರಾಗಿರುವುದು ಹೇಗೆ? ವಿಶ್ವಸಂಸ್ಥೆಯ ಮಕ್ಕಳ ನಿಧಿಯವರು ೨೦೨೩ರಲ್ಲಿ ಪ್ರಕಟಿಸಿದ ವರದಿಯಂತೆ, ೪೦ ಸಂಪನ್ನ ರಾಷ್ಟ್ರಗಳಲ್ಲಿ ೬ ಕೋಟಿ ೯೦ ಲಕ್ಷಕ್ಕೂ ಹೆಚ್ಚು ಮಕ್ಕಳು ಬಡತನದಲ್ಲಿ ಬೆಳೆಯುತ್ತಿದ್ದರು. ಅಲ್ಲಿನವರು ಬಡತನವನ್ನು ಅಳೆಯುವ ಕ್ರಮವನ್ನು ಇಲ್ಲಿ ಹೇಳಬೇಕು. ದೇಶದ ಜನರನ್ನೆಲ್ಲ ಅವರವರ ಮನೆಯ ವರಮಾನಕ್ಕೆ ಅನುಸಾರವಾಗಿ ಸಾಲಾಗಿ ನಿಲ್ಲಿಸಿದರೆ, ನಟ್ಟನಡುವೆ ನಿಂತವನ ಮನೆಯ ವರಮಾನದ ನೂರಕ್ಕೆ ೬೦ ಭಾಗವೂ ಯಾವ ಮನೆಗೆ ಇಲ್ಲವೋ ಆ ಮನೆಯ ಮಗುವನ್ನು ಬಡ ಮಗುವೆಂದು ಎಣಿಸುತ್ತಾರೆ. ಅಂತಹ ಮಗುವು ಉಪವಾಸವಿರಲೇಬೇಕೆಂದಿಲ್ಲ. ತನ್ನ ಓರಗೆಯವರಿಗೆ ಸಹಜವಾಗಿ ದೊರೆಯುವ ಬೂಟು, ಪುಸ್ತಕ, ಪ್ರವಾಸ, ಬೆಚ್ಚನೆಯ ಕೋಣೆ ಇವುಗಳು ಅದಕ್ಕೆ ದೊರೆಯುವುದಿಲ್ಲ. ಹೊಟ್ಟೆಯ ಹಸಿವಿಗಿಂತ ಇದು ಹಗುರವೆಂದು ಯಾರಾದರೂ ಹೇಳಿದರೆ, ಅವರು ಮಕ್ಕಳ ಮನಸ್ಸನ್ನು ಬಲ್ಲವರಲ್ಲ.

ಈ ವಿಚಾರದಲ್ಲಿ ಇಂಗ್ಲೆಂಡಿನ ಚರಿತ್ರೆಯು ಬೋಧಪ್ರದವಾಗಿದೆ. ಸೀಬೋಮ್ ರೌನ್‌ಟ್ರೀ ಎಂಬ ಮಹನೀಯನು ೧೮೯೯ರಲ್ಲಿ ಯಾರ್ಕ್ ನಗರದ ಕೂಲಿಕಾರರ ಮನೆಮನೆಯ ಸ್ಥಿತಿಯನ್ನು ಪರೀಕ್ಷೆ ಮಾಡಿಸಿದನು. ಆ ನಗರದ ನೂರು ಮಂದಿಯಲ್ಲಿ ಸುಮಾರು ೨೮ ಮಂದಿ ಬಡತನದಲ್ಲಿದ್ದುದು ಕಂಡುಬಂದಿತು. ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯನ್ನು ಅವನು ತೋರಿಸಿಕೊಟ್ಟನು. ಕೂಲಿಕಾರನು ತನ್ನ ಬಾಳಿನಲ್ಲಿ ಮೂರು ಸಲ ಬಡತನಕ್ಕೆ ಇಳಿಯುತ್ತಾನೆ: ತಾನು ಮಗುವಾಗಿದ್ದಾಗ, ತನಗೆ ಚಿಕ್ಕ ಮಕ್ಕಳಿದ್ದಾಗ, ಮುದುಕನಾದಾಗ. ಇದರ ಕಾರಣವು ಸರಳವಾದುದು. ಕೂಲಿಯು ದುಡಿಯುವ ತೋಳನ್ನು ನೋಡುತ್ತದೆ. ಮನೆಯಲ್ಲಿರುವ ಎಲೆಗಳ ಸಂಖ್ಯೆಯನ್ನು ನೋಡುವುದಿಲ್ಲ. ಒಂಟಿಯಾಗಿರುವವನಿಗೂ ನಾಲ್ಕು ಮಕ್ಕಳ ತಂದೆಗೂ ಒಂದೇ ಕೂಲಿ. ಎಲಿನರ್ ರಾತ್‌ಬೋನ್ ಎಂಬ ಮಹಿಳೆಯು ಇದನ್ನೇ ಹಿಡಿದು, ಮಕ್ಕಳ ಪೋಷಣೆಗೆಂದು ಪ್ರತ್ಯೇಕವಾದ ಹಣವು ತಾಯಿಯ ಕೈಗೇ ಸಲ್ಲಬೇಕೆಂದು ಹಲವು ವರ್ಷ ಹೋರಾಡಿದಳು. ೧೯೪೫ರಲ್ಲಿ ಅಂತಹ ಶಾಸನವಾಯಿತು. ಮೊದಲನೆಯ ಮಗುವನ್ನು ಬಿಟ್ಟು ಉಳಿದ ಪ್ರತಿಯೊಂದು ಮಗುವಿಗೂ ವಾರಕ್ಕೆ ೫ ಷಿಲಿಂಗುಗಳಂತೆ ೧೯೪೬ರ ಆಗಸ್ಟಿನಿಂದ ಕೊಡತೊಡಗಿದರು. ಆ ತಾಯಿಯು ಅದನ್ನು ನೋಡಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದಳು.

ಇಷ್ಟಾದರೂ ಬಡತನವು ಹೋಗಲಿಲ್ಲ. ೧೯೬೫ರಲ್ಲಿ ವಿದ್ವಾಂಸರು ಲೆಕ್ಕ ಹಾಕಿ ನೋಡಿದಾಗ, ತೀರಿತೆಂದು ಎಲ್ಲರೂ ನಂಬಿದ್ದ ಬಡತನವು ಮಕ್ಕಳಲ್ಲಿ ಇನ್ನೂ ಉಳಿದಿದ್ದುದು ಬೆಳಕಿಗೆ ಬಂದಿತು. ೧೯೯೯ರಲ್ಲಿ ಆ ದೇಶದ ಪ್ರಧಾನಿಯು ಒಂದು ತಲೆಮಾರಿನೊಳಗೆ ಮಕ್ಕಳ ಬಡತನವನ್ನು ಅಳಿಸುವುದಾಗಿ ಪ್ರತಿಜ್ಞೆ ಮಾಡಿದನು. ಮುಂದಿನ ಕೆಲವು ವರ್ಷ ಅದು ಇಳಿದದ್ದೂ ನಿಜ. ಆದರೆ ೨೦೧೭ರ ಏಪ್ರಿಲಿನಿಂದ, ಅಲ್ಲಿಂದ ಮುಂದೆ ಹುಟ್ಟುವ ಮೂರನೆಯ ಮಗುವಿಗೂ ಅದರ ನಂತರದವುಗಳಿಗೂ ಸಹಾಯಧನವಿಲ್ಲವೆಂಬ ನಿಯಮವನ್ನು ತಂದರು. ೨೦೨೩-೨೪ರಲ್ಲಿ, ವಸತಿಯ ವೆಚ್ಚವನ್ನು ಕಳೆದು ನೋಡಿದರೆ, ಆ ದೇಶದ ನೂರು ಮಕ್ಕಳಲ್ಲಿ ೩೧ ಮಕ್ಕಳು ಬಡವರಾಗಿದ್ದರು. ಕಡೆಗೆ ೨೦೨೫ರ ನವೆಂಬರಿನ ಆಯವ್ಯಯಪತ್ರದಲ್ಲಿ ಆ ನಿಯಮವನ್ನು ೨೦೨೬ರ ಏಪ್ರಿಲಿನಿಂದ ತೆಗೆಯುವುದಾಗಿ ಸಾರಿದರು. ಮೂರನೆಯದಾಗಿ ಹುಟ್ಟಿದುದು ಮಗುವಿನ ಅಪರಾಧವೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲು ಅಷ್ಟು ವರ್ಷ ಬೇಕಾಯಿತು.

ಅಮೆರಿಕದ ಸಂಗತಿಯು ಇನ್ನೂ ಸ್ಪಷ್ಟವಾದುದು. ೨೦೨೧ರಲ್ಲಿ ಆ ಸರ್ಕಾರವು ತಂದೆತಾಯಿಗಳಿಗೆ ವರಮಾನವೇ ಇಲ್ಲದಿದ್ದರೂ ಸಲ್ಲುವಂತೆ, ಆರು ವರ್ಷದೊಳಗಿನ ಪ್ರತಿ ಮಗುವಿಗೆ ೩,೬೦೦ ಡಾಲರು, ಅದಕ್ಕಿಂತ ದೊಡ್ಡ ಮಗುವಿಗೆ ೩,೦೦೦ ಡಾಲರು ಗೊತ್ತುಮಾಡಿತು. ಸಹಾಯಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯುವ ಅಲ್ಲಿನ ಒಂದು ಮಾನದಂಡದಂತೆ ಆ ವರ್ಷ ಬಡ ಮಕ್ಕಳ ಪ್ರಮಾಣವು ನೂರಕ್ಕೆ ೫.೨ಕ್ಕೆ ಇಳಿಯಿತು. ಆ ಏರ್ಪಾಡನ್ನು ಮುಂದುವರಿಸಲಿಲ್ಲ. ೨೦೨೨ರಲ್ಲಿ ಅದು ೧೨.೪ಕ್ಕೆ ಏರಿತು. ಒಂದೇ ವರ್ಷದಲ್ಲಿ ಲಕ್ಷಾಂತರ ತಂದೆತಾಯಿಗಳು ಸೋಮಾರಿಗಳಾದರೆಂದು ಹೇಳೋಣವೆ? ಬಡತನವು ಮಕ್ಕಳ ಹಣೆಬರಹವಲ್ಲ, ದೊಡ್ಡವರು ಮಾಡುವ ತೀರ್ಮಾನ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಡ.

ದೂರದ ದೇಶಗಳ ಮಾತು ನಮಗೇಕೆ ಎಂದು ತಾವು ಕೇಳಬಹುದು. ಸಂಪತ್ತೂ ಸೌಲಭ್ಯವೂ ಒಂದೆಡೆಯಲ್ಲಿದ್ದು, ಅದರ ಪಕ್ಕದಲ್ಲಿಯೇ ಮಗುವು ಬರಿಗೈಯಲ್ಲಿ ನಿಂತಿರುವ ನೋಟವನ್ನು ಕಾಣಲು ನಾವು ಸಮುದ್ರವನ್ನು ದಾಟಬೇಕಾಗಿಲ್ಲ. ಇಲ್ಲಿಂದ ಹತ್ತು ಹನ್ನೆರಡು ಮೈಲಿ ಹೋದರೆ ಸಾಕು.

ಭದ್ರಾವತಿಯು ಹಿಂದೆ ಬೆಂಕಿಪುರವೆಂಬ ಸಣ್ಣ ಊರಾಗಿದ್ದಿತು. ೧೯೧೮ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸವು ಮೊದಲಾಯಿತು. ೧೯೨೩ರಲ್ಲಿ ಕಬ್ಬಿಣವು ಹೊರಬಂದಿತು. ಬಾಬಾಬುಡನ್‌ಗಿರಿಯ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆ, ಭದ್ರಾನದಿಯ ನೀರು, ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪ, ಇವು ಕೂಡಿ ಆ ಊರನ್ನು ಕಟ್ಟಿದುವು. ೧೯೩೬ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಕೆಲಸಗಾರನಿಗೆ ವಸತಿಗೃಹ, ಆಸ್ಪತ್ರೆ, ಮಕ್ಕಳಿಗೆ ಶಾಲೆ, ಆಟದ ಬಯಲು ಎಲ್ಲವೂ ಉಂಟಾದುವು. ಯೋಗಕ್ಷೇಮರಾಜ್ಯವೆಂಬ ಮಾತು ನಮ್ಮ ಪುಸ್ತಕಗಳಿಗೆ ಬರುವುದಕ್ಕೆ ಮೊದಲೇ ಅಲ್ಲಿ ಅದರ ಒಂದು ಸಣ್ಣ ಮಾದರಿಯು ನಡೆಯುತ್ತಿದ್ದಿತೆಂದರೆ ತಪ್ಪಾಗದು. ಅಲ್ಲಿ ಓದಿ ಮುಂದೆ ಬಂದ ಅನೇಕರು ಈ ಸಭೆಯಲ್ಲಿಯೇ ಇರಬಹುದು. ಅವರು ಆ ಊರಿಗೆ ಋಣಿಗಳು.

ಆದರೆ ಆ ಸೌಲಭ್ಯವೆಲ್ಲವೂ ತಂದೆಯ ಉದ್ಯೋಗಕ್ಕೆ ಕಟ್ಟಲ್ಪಟ್ಟಿದ್ದಿತು. ಕಾಯಂ ಕೆಲಸಗಾರನ ಮಗುವು ಒಳಗೆ. ಗುತ್ತಿಗೆಯ ಕೂಲಿಯವನ ಮಗುವು ಹೊರಗೆ. ಕಾಲವು ತಿರುಗಿತು. ೨೦೧೫-೧೬ರ ವೇಳೆಗೆ ಕಾಗದದ ಉತ್ಪಾದನೆಯು ನಿಂತುಹೋಯಿತು. ೧೯೯೮ರಲ್ಲಿ ಭಾರತ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಗಿದ್ದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು ೨೦೨೩ರ ಜನವರಿಯಲ್ಲಿ ಹೊರಬಿದ್ದಿತು. ಗುತ್ತಿಗೆಯ ಕಾರ್ಮಿಕರು ಬಾಗಿಲ ಮುಂದೆ ಧರಣಿ ಕುಳಿತರು. ಅದೇ ವರ್ಷ ಕೆಲಸವು ಸ್ವಲ್ಪಮಟ್ಟಿಗೆ ಪುನಃ ಆರಂಭವಾಯಿತೆಂಬುದು ಸಮಾಧಾನದ ಸಂಗತಿ. ಇತ್ತ ಅದರ ಮರುತಿಂಗಳೇ, ಫೆಬ್ರವರಿ ೨೭ರಂದು, ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ವಿಮಾನನಿಲ್ದಾಣವು ಉದ್ಘಾಟನೆಯಾಯಿತು. ವಿಮಾನವು ಬಂದುದು ತಪ್ಪೆಂದು ನಾನು ಹೇಳುವುದಿಲ್ಲ. ಒಂದೇ ಜಿಲ್ಲೆಯಲ್ಲಿ ಒಂದೇ ಋತುವಿನಲ್ಲಿ ಈ ಎರಡೂ ನಡೆದುವೆಂಬುದನ್ನು ಮಾತ್ರ ನೆನಪಿಗೆ ತರುತ್ತೇನೆ.

ಇಲ್ಲಿ ನನ್ನದೇ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ನಾನು ಭದ್ರಾವತಿಯ ಒಂದು ಶಾಲೆಯಲ್ಲಿದ್ದೆನು. ನನ್ನ ತರಗತಿಯಲ್ಲಿ ಕಾಯಂ ನೌಕರರ ಮಕ್ಕಳೂ ಗುತ್ತಿಗೆಯ ಕೂಲಿಯವರ ಮಕ್ಕಳೂ ಒಂದೇ ಮಣೆಯ ಮೇಲೆ ಕೂರುತ್ತಿದ್ದರು. ಒಂದು ವರ್ಷ ಮಕ್ಕಳನ್ನು ಜೋಗದ ಜಲಪಾತಕ್ಕೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಹಣ ತಾರದಿದ್ದವರನ್ನು ನಾನು ದಿನವೂ ಎದ್ದು ನಿಲ್ಲಿಸಿ ಹೆಸರು ಕೂಗುತ್ತಿದ್ದೆನು. ಕೆಡುಕಿನಿಂದಲ್ಲ, ಅದೇ ವಾಡಿಕೆಯಾಗಿದ್ದಿತು. ಕಡೆಕಡೆಗೆ ಒಬ್ಬನೇ ಹುಡುಗನು ನಿಲ್ಲುತ್ತಿದ್ದನು. ಅವನ ತಂದೆ ಗುತ್ತಿಗೆದಾರನೊಬ್ಬನ ಕೈಕೆಳಗೆ ಮೂಟೆ ಹೊರುತ್ತಿದ್ದನು. ‘ನನಗೆ ಬಸ್ಸಿನಲ್ಲಿ ತಲೆ ಸುತ್ತುತ್ತದೆ, ನಾನು ಬರುವುದಿಲ್ಲ ಸಾರ್’ ಎಂದು ಹುಡುಗನು ಹೇಳಿದನು. ನಾನು ನಂಬಿದೆನು, ನಂಬುವುದು ನನಗೆ ಅನುಕೂಲವಾಗಿದ್ದಿತು. ನಾವು ಹೊರಟ ದಿನ ಮುಂಜಾನೆ ಅವನು ರಸ್ತೆಯ ಆಚೆಯ ಮರದ ಕೆಳಗೆ ನಿಂತು ಬಸ್ಸನ್ನು ನೋಡುತ್ತಿದ್ದನು. ಮರುದಿನದಿಂದ ನನ್ನ ಮುಖವನ್ನು ನೋಡಿ ಮಾತನಾಡುವುದನ್ನು ಬಿಟ್ಟನು. ಆ ವರ್ಷದ ಕಡೆಗೆ ಶಾಲೆಯನ್ನೂ ಬಿಟ್ಟನು. ಆ ಹಣವನ್ನು ನಾನು ಕೊಡಬಹುದಾಗಿದ್ದಿತು. ಅದಕ್ಕಿಂತ ಮಿಗಿಲಾಗಿ, ಅವನನ್ನು ಎದ್ದು ನಿಲ್ಲಿಸದೆ ಇರಬಹುದಾಗಿದ್ದಿತು. ಬಡತನವು ಅವನ ಮನೆಯಲ್ಲಿದ್ದಿತು; ಅದನ್ನು ಅವಮಾನವನ್ನಾಗಿ ಮಾಡಿದವನು ನಾನು.

ಆದುದರಿಂದ ನಾನು ಕಂಡುಕೊಂಡ ಮಾತು ಇಷ್ಟೆ. ಮಗುವಿಗೆ ಸಲ್ಲತಕ್ಕದ್ದು ತಂದೆಯ ಕೆಲಸದ ಮೂಲಕವಾಗಿ ಸಲ್ಲಬಾರದು. ಯಾಚನೆಯ ಮೂಲಕವಾಗಿಯೂ ಸಲ್ಲಬಾರದು. ಮಗುವೆಂಬ ಒಂದೇ ಕಾರಣದಿಂದ ಸಲ್ಲಬೇಕು. ಫಿನ್‌ಲೆಂಡಿನವರು ಯುದ್ಧದಲ್ಲಿ ನೊಂದು ಬಡವಾಗಿದ್ದಾಗಲೇ, ೧೯೪೩ರಲ್ಲಿ, ಶಾಲೆಯ ಎಲ್ಲ ಮಕ್ಕಳಿಗೂ ಊಟ ಕೊಡುವ ಶಾಸನವನ್ನು ಮಾಡಿ ೧೯೪೮ರ ಹೊತ್ತಿಗೆ ಅದನ್ನು ಪೂರ್ಣವಾಗಿ ಆಚರಣೆಗೆ ತಂದರು. ನಮ್ಮಲ್ಲಿ ೨೦೦೧ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ಬಿಸಿಯೂಟವನ್ನು ಕೊಡಬೇಕೆಂದು ಆಜ್ಞೆ ಮಾಡಿತು. ೨೦೦೨ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಅದು ಮೊದಲಾಗಿ ಮರುವರ್ಷ ನಾಡಿಗೆಲ್ಲ ಹರಡಿತು. ಸರ್ಕಾರದವರು ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಶರಣರ ಶಬ್ದವು ಸರ್ಕಾರದ ಕಡತವನ್ನು ಸೇರಿತು. ೨೦೧೩ರಿಂದ ಹಾಲೂ ಬಂದಿತು. ಒಂದೇ ಪಂಕ್ತಿಯಲ್ಲಿ ಎಲ್ಲರೂ ಉಣ್ಣುವುದರಿಂದ ಅಲ್ಲಿ ಯಾರೂ ಎದ್ದು ನಿಲ್ಲಬೇಕಾಗಿಲ್ಲ.

ಇಷ್ಟಕ್ಕೇ ತೃಪ್ತಿಪಡುವಂತಿಲ್ಲ. ದೇಶದ ಸಂಪನ್ನ ರಾಜ್ಯಗಳಲ್ಲಿ ನಮ್ಮದೂ ಒಂದು. ಆದರೂ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ೩೫ಕ್ಕೂ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿರಲಿಲ್ಲ. ಶಾಲೆಯ ಊಟವು ಆರನೆಯ ವರ್ಷಕ್ಕೆ ಬರುತ್ತದೆ. ಮಗುವಿನ ಬೆಳವಣಿಗೆಯು ಕುಂದುವುದು ಅದರ ಮೊದಲ ಎರಡು ವರ್ಷಗಳಲ್ಲಿ, ತಾಯಿಯ ಗರ್ಭದಲ್ಲಿ. ೧೯೭೫ರಲ್ಲಿ ಟಿ. ನರಸೀಪುರವೂ ಸೇರಿದಂತೆ ದೇಶದ ೩೩ ಕಡೆ ಆರಂಭವಾದ ಶಿಶು ಅಭಿವೃದ್ಧಿಯ ಕಾರ್ಯವು ಈಗ ಅಂಗನವಾಡಿಗಳಾಗಿ ಊರೂರಿನಲ್ಲಿದೆ. ಕೆಲಸವನ್ನು ಅರಸಿಕೊಂಡು ಬಂದು ನಮ್ಮ ನಗರದಲ್ಲಿ ಮನೆ ಕಟ್ಟುವ ಕೂಲಿಯವರ ಶಿಶುವು ಮರಳಿನ ರಾಶಿಯ ಮೇಲೆ ಮಲಗಿರುವುದನ್ನು ನೋಡಿದಾಗ, ಆ ಮಗುವಿನ ಹೆಸರು ಯಾವ ಅಂಗನವಾಡಿಯ ಪಟ್ಟಿಯಲ್ಲಿದೆಯೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ಇಲ್ಲಿ ಒಂದು ಆಕ್ಷೇಪಣೆ ಉಂಟು. ‘ಶರಣರು ಕಾಯಕವನ್ನು ಬೋಧಿಸಿದರು, ದುಡಿಯದವರಿಗೆ ಕೊಟ್ಟರೆ ಕಾಯಕಕ್ಕೆ ಭಂಗವಲ್ಲವೆ?’ ಎಂದು ಕೆಲವರು ಹೇಳುತ್ತಾರೆ. ಬೆಳೆಯುವುದು, ಕಲಿಯುವುದು ಇವೇ ಮಗುವಿನ ಕಾಯಕ. ಅದನ್ನು ಮಾಡಲು ಬಿಡದೆ ಹೋಟೆಲಿಗೋ ಗ್ಯಾರೇಜಿಗೋ ಕಳುಹಿಸಿದರೆ ಅದೇ ಕಾಯಕಭಂಗ. ಇನ್ನು ಅಸಮಾನತೆಯ ವಿಚಾರದಲ್ಲಿ ಆಯ್ದಕ್ಕಿ ಮಾರಯ್ಯನ ಕಥೆಯನ್ನು ನೆನೆಯೋಣ. ಗಂಡನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನು ಮನೆಯೊಳಕ್ಕೆ ಸೇರಿಸಲಿಲ್ಲ. ಎಲ್ಲಿಂದ ತಂದನೋ ಅಲ್ಲಿಗೇ ಚೆಲ್ಲಿ ಬರುವಂತೆ ಹೇಳಿದಳು. ಬಡವಳಾದ ಆಕೆಗೆ ಹೆಚ್ಚಿನದು ಭಾರವಾಗಿ ಕಂಡಿತು. ಉಳ್ಳವರಾದ ನಮಗೆ ಅದು ಕಾಣುತ್ತಿಲ್ಲ. ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ ಎಂಬ ಭಾವವು ದಾನದಲ್ಲಿ ಉಳಿಯಬಹುದು, ದಾಸೋಹದಲ್ಲಿ ಉಳಿಯಲಾಗದು.

ಕಡೆಯದಾಗಿ ಮೂರು ಬಿನ್ನಹಗಳು. ನಮ್ಮ ಸಮಾರಂಭಗಳಲ್ಲಿ ಬಡ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆದು, ಹೆಸರು ಕೂಗಿ, ಪುಸ್ತಕ ಕೊಟ್ಟು ಛಾಯಾಚಿತ್ರ ತೆಗೆಯಿಸುವುದನ್ನು ನಿಲ್ಲಿಸೋಣ. ಬಲಗೈ ಕೊಟ್ಟುದು ಮಗುವಿನ ಸಹಪಾಠಿಗಳಿಗೆ ತಿಳಿಯದಿರಲಿ. ಎರಡನೆಯದು, ಈ ಸಭೆಯಲ್ಲಿ ಗುತ್ತಿಗೆದಾರರೂ ವರ್ತಕರೂ ಗಿರಣಿಯ ಒಡೆಯರೂ ಇದ್ದೀರಿ. ತಮ್ಮ ಕೈಕೆಳಗೆ ದುಡಿಯುವವರ ಮಕ್ಕಳೆಷ್ಟು, ಅವರು ಎಲ್ಲಿ ಓದುತ್ತಾರೆ ಎಂಬುದನ್ನು ಕೂಲಿಯ ಲೆಕ್ಕದ ಪುಸ್ತಕದಲ್ಲಿಯೇ ಒಂದು ಕಡೆ ಬರೆದಿಡಿರಿ. ಬರೆದ ಮೇಲೆ ಮಾಡತಕ್ಕದ್ದು ತಾನಾಗಿ ತೋರುವುದು. ಮೂರನೆಯದು, ಮಠಗಳು ಎಷ್ಟೇ ಮಕ್ಕಳನ್ನು ಸಾಕಿದರೂ ನಾಡಿನ ಮಕ್ಕಳೆಲ್ಲರನ್ನೂ ಸಾಕಲಾರವು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತು ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ದಾರಿಯನ್ನು ತೋರಿಸಿದರು. ಆ ದಾರಿಯನ್ನು ರಾಜ್ಯದ ಧರ್ಮವನ್ನಾಗಿ ಮಾಡುವ ಹೊಣೆಯು ಮತ ಕೊಡುವ ನಮ್ಮೆಲ್ಲರದು. ಸೌಲಭ್ಯವನ್ನು ಕೇಳುವಾಗ ನಮ್ಮ ಮಕ್ಕಳಿಗೆ ಮಾತ್ರ ಕೇಳದೆ, ಎಲ್ಲ ಮಕ್ಕಳಿಗೂ ಕೇಳೋಣ.

ಆ ಹುಡುಗನು ಈಗ ಎಲ್ಲಿರುವನೋ ನಾನರಿಯೆ. ಅವನಿಗೂ ಮಕ್ಕಳಿರಬಹುದು. ಅವರನ್ನು ಯಾವ ಉಪಾಧ್ಯಾಯನೂ ಎದ್ದು ನಿಲ್ಲಿಸದಿರಲೆಂದು ಈ ಗದ್ದುಗೆಯ ಮುಂದೆ ಪ್ರಾರ್ಥಿಸುತ್ತೇನೆ.