ಆಲೆಮನೆಗೆ ಸರ್ಕಾರದ ಸಹಾಯಧನ

(ಗ್ರಾಮ ಮುಖಂಡರ ಮತ್ತು ಹಿಡುವಳಿದಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ದಿವಸ ನಾನು ಬಿತ್ತನೆಯ ವಿಷಯವನ್ನಾಗಲಿ ಗೊಬ್ಬರದ ವಿಷಯವನ್ನಾಗಲಿ ಹೇಳುವುದಕ್ಕೆ ಬಂದವನಲ್ಲ. ಬೆಳೆದ ಪದಾರ್ಥವನ್ನು ಹಾಗೆಯೇ ಮಾರದೆ, ಊರಿನಲ್ಲಿಯೇ ಬೆಲ್ಲವನ್ನೋ ಎಣ್ಣೆಯನ್ನೋ ಹಿಟ್ಟನ್ನೋ ಮಾಡಿ ಮಾರಬೇಕೆಂಬ ಅಪೇಕ್ಷೆಯು ನಿಮ್ಮಲ್ಲಿ ಅನೇಕರಿಗೆ ಉಂಟು. ಇದು ಮೆಚ್ಚತಕ್ಕ ಅಪೇಕ್ಷೆ. ಇಂಥ ಸಣ್ಣ ಉದ್ಯಮಗಳಿಗೆ ಸರ್ಕಾರದವರು ಕೊಡುವ ಸಹಾಯಧನವು ಎಂಥದು, ಅದು ಯಾವಾಗ ಯಾರಿಗೆ ಸೇರುತ್ತದೆ ಎಂಬುದನ್ನು ಅರಿಕೆ ಮಾಡುವುದೇ ನನ್ನ ಉದ್ದೇಶ. ಹಳ್ಳಿಗಳನ್ನು ಸುತ್ತುವಾಗ ಎಲ್ಲೆಲ್ಲಿಯೂ ಒಂದೇ ಮಾತು ಕೇಳಿಬರುತ್ತದೆ: “ಅರ್ಧ ಸರ್ಕಾರದ್ದು, ಅರ್ಧ ನಮ್ಮದು.” ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಇದನ್ನು ಪೂರ್ತಿ ನಿಜವೆಂದು ನಂಬಿ ಕೆಟ್ಟವರನ್ನು ನಾನು ಬಲ್ಲೆ.

ವಯಸ್ಸಾದವರು ತಕಾವಿ ಸಾಲದ ಹೆಸರನ್ನು ಕೇಳಿರುತ್ತೀರಿ. ಬ್ರಿಟಿಷ್ ಪ್ರಾಂತಗಳಲ್ಲಿ ೧೮೮೩ ಮತ್ತು ೧೮೮೪ನೇ ಇಸವಿಗಳ ಕಾಯಿದೆಗಳ ಮೇರೆಗೆ ಬಾವಿ ತೋಡಿಸುವುದಕ್ಕೂ, ಎತ್ತು ಮತ್ತು ಬೀಜ ಕೊಳ್ಳುವುದಕ್ಕೂ ಸರ್ಕಾರವೇ ಸಾಲ ಕೊಡುತ್ತಿತ್ತು. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ ಆ ಬಗೆಯ ಸಾಲವಿತ್ತು. ಆ ಸಾಲವನ್ನು ಕಂದಾಯದ ಬಾಕಿಯಂತೆ ವಸೂಲು ಮಾಡುತ್ತಿದ್ದರು. ಆದ್ದರಿಂದ ಅದು ಸಾಲವೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಈಗಿನ ಏರ್ಪಾಡಿನಲ್ಲಿ ಸಾಲ ಕೊಡುವವರು ಬ್ಯಾಂಕಿನವರು, ಸಹಾಯಧನ ಕೊಡುವವರು ಸರ್ಕಾರದವರು. ಎರಡು ಕೈಗಳಿಂದ ಬರುವ ಹಣವಾದ್ದರಿಂದ ಯಾವುದು ಸಾಲ, ಯಾವುದು ಸಹಾಯ ಎಂಬುದು ಜನರಿಗೆ ಕಲಸಿಹೋಗಿದೆ.

ಒಂದು ಯೋಜನೆಯನ್ನೇ ಹಿಡಿದು ವಿವರಿಸುತ್ತೇನೆ. ಕಿರು ಆಹಾರ ಸಂಸ್ಕರಣಾ ಉದ್ಯಮಗಳನ್ನು ಕ್ರಮಬದ್ಧಗೊಳಿಸುವ ಪ್ರಧಾನಮಂತ್ರಿ ಯೋಜನೆಯೆಂಬುದು ೨೦೨೦ರಲ್ಲಿ ಆರಂಭವಾಯಿತು. ಇದಕ್ಕಾಗಿ ೧೦,೦೦೦ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿ, ದೇಶದಲ್ಲಿ ೨ ಲಕ್ಷ ಉದ್ಯಮಗಳಿಗೆ ನೆರವಾಗಬೇಕೆಂದು ಉದ್ದೇಶಿಸಿದರು. ಜಿಲ್ಲೆಗೊಂದು ಪದಾರ್ಥವನ್ನು ಆರಿಸಿದಾಗ ಮಂಡ್ಯಕ್ಕೆ ಬೆಲ್ಲ, ತುಮಕೂರಿಗೆ ತೆಂಗು, ಕೋಲಾರಕ್ಕೆ ಟೊಮ್ಯಾಟೊ ಬಂದವು. ಯಂತ್ರ ಮೊದಲಾದವುಗಳ ಅರ್ಹ ವೆಚ್ಚದಲ್ಲಿ ನೂರಕ್ಕೆ ೩೫ರಂತೆ, ೧೦ ಲಕ್ಷ ರೂಪಾಯಿಗೆ ಮೀರದಂತೆ, ಸಹಾಯಧನ ಕೊಡತಕ್ಕದ್ದೆಂದು ನಿಯಮವಾಯಿತು. ಕರ್ನಾಟಕ ಸರ್ಕಾರದವರು ಇದಕ್ಕೆ ನೂರಕ್ಕೆ ೧೫ನ್ನು ಸೇರಿಸಿ ೫೦ ಮಾಡಿ, ಮೇಲ್ಮಿತಿಯನ್ನು ೧೫ ಲಕ್ಷಕ್ಕೆ ಏರಿಸಿದರು. “ಅರ್ಧ ಸರ್ಕಾರದ್ದು” ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಉದ್ಯಮ ಮಾಡುವವನು ನೂರಕ್ಕೆ ೧೦ನ್ನಾದರೂ ತನ್ನ ಗಂಟಿನಿಂದ ಹಾಕಬೇಕು. ಭೂಮಿಯ ಬೆಲೆಯು ವೆಚ್ಚದ ಲೆಕ್ಕಕ್ಕೆ ಸೇರದು.

ಇನ್ನು ಲೆಕ್ಕವನ್ನು ಸಾವಧಾನವಾಗಿ ಕೇಳಬೇಕು. ಒಬ್ಬ ರೈತನು ೧೦ ಲಕ್ಷ ರೂಪಾಯಿ ವೆಚ್ಚದಲ್ಲಿ ಆಲೆಮನೆ ಹೂಡುತ್ತಾನೆಂದು ಇಟ್ಟುಕೊಳ್ಳೋಣ. ಅವನ ಪಾಲು ೧ ಲಕ್ಷ. ಉಳಿದ ೯ ಲಕ್ಷವನ್ನು ಬ್ಯಾಂಕಿನವರು ಸಾಲ ಕೊಡುತ್ತಾರೆ. ಬ್ಯಾಂಕಿನವರು ಸಾಲ ಮಂಜೂರು ಮಾಡಿ ಹಣ ಬಿಡುವವರೆಗೆ ಸರ್ಕಾರದ ಒಂದು ಕಾಸೂ ಹೊರಡುವುದಿಲ್ಲ. ಆ ತರುವಾಯ ಬರುವ ೫ ಲಕ್ಷವೂ ರೈತನ ಕೈಗೆ ಬರುವುದಿಲ್ಲ. ಅದೇ ಬ್ಯಾಂಕಿನಲ್ಲಿ ಅವನ ಹೆಸರಿನ ಒಂದು ಪ್ರತ್ಯೇಕ ಲೆಕ್ಕದಲ್ಲಿ ಕುಳಿತುಕೊಳ್ಳುತ್ತದೆ. ಅದು ಕುಳಿತಿರುವಷ್ಟು ಕಾಲ ಅಷ್ಟು ಮೊಬಲಗಿನ ಮೇಲೆ ಬಡ್ಡಿ ಹಾಕುವುದಿಲ್ಲ. ನೂರಕ್ಕೆ ೧೦ರ ಬಡ್ಡಿಯೆಂದು ಭಾವಿಸಿದರೆ, ೯ ಲಕ್ಷಕ್ಕೆ ವರ್ಷಕ್ಕೆ ೯೦,೦೦೦ ಆಗಬೇಕಾದ ಬಡ್ಡಿಯು ೪ ಲಕ್ಷಕ್ಕೆ ೪೦,೦೦೦ ಮಾತ್ರ ಆಗುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ಆ ೫ ಲಕ್ಷವು ಸಾಲಕ್ಕೆ ಜಮೆಯಾಗುವುದು ಯಾವಾಗ? ಸಾಲದ ಕೊನೆಯ ಭಾಗವನ್ನು ಕೊಟ್ಟ ದಿನದಿಂದ ಮೂರು ವರ್ಷ ಕಳೆದ ಮೇಲೆ. ಅದೂ ಕಂತುಗಳು ಬಾಕಿಯಿಲ್ಲದೆ ನಡೆದಿದ್ದು, ಉದ್ಯಮವೂ ನಡೆಯುತ್ತಿದ್ದರೆ. ನಡುವೆ ಒಲೆ ಆರಿದರೆ, ಕಂತು ನಿಂತರೆ, ಆ ಅನುಕೂಲದ ಭರವಸೆಯಿಲ್ಲ, ಸಾಲದ ಹೊಣೆಯು ರೈತನ ತಲೆಯ ಮೇಲೆ ನಿಲ್ಲುತ್ತದೆ.

ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಮೂರು ಎಕರೆ ನೀರಾವರಿ ಗದ್ದೆಯುಳ್ಳ ಒಬ್ಬ ಒಳ್ಳೆಯ ಬೇಸಾಯಗಾರನು ಬೆಳೆ ಸಮೀಕ್ಷೆಯ ದಿನಗಳಲ್ಲಿ ನನ್ನನ್ನು ಗದ್ದೆಯ ಬದುವಿನ ಮೇಲೆ ನಿಲ್ಲಿಸಿ, “ಸ್ವಾಮಿ, ಆಲೆಮನೆ ಹಾಕಿದರೆ ಅರ್ಧ ದುಡ್ಡು ಸರ್ಕಾರ ಕೊಡುತ್ತಂತಲ್ಲಾ, ನಿಜವೇ?” ಎಂದು ಕೇಳಿದನು. ನನಗೆ ಅವಸರವಿತ್ತು. “ಹೌದಪ್ಪಾ, ನಿಜ” ಎಂದು ಹೇಳಿ ಮುಂದಕ್ಕೆ ಹೋದೆನು. ಆ ಒಂದು ಮಾತಿನ ಹೊಣೆಯನ್ನು ನಾನು ಈ ದಿನಕ್ಕೂ ಹೊತ್ತಿದ್ದೇನೆ.

ಅವನು ಯಂತ್ರ ಮಾರುವವನೊಬ್ಬನ ಬಳಿಗೆ ಹೋದನು. ಆ ವರ್ತಕನು, “ನಿನ್ನ ಕೈಯಿಂದ ಒಂದು ಲಕ್ಷ ಯಾಕೆ ಹಾಕುತ್ತೀಯೆ, ಗಾಣದ ಬೆಲೆಯನ್ನೇ ಹೆಚ್ಚಿಸಿ ಬರೆದುಕೊಡುತ್ತೇನೆ” ಎಂದು ಬುದ್ಧಿ ಹೇಳಿದನು. ಹಾಗೆಯೇ ಆಯಿತು. ಇಲ್ಲದ ಬೆಲೆಗೆ ಸಾಲ ಹುಟ್ಟಿತು. ಗಾಣ ಬಂತು, ಕೊಪ್ಪರಿಗೆ ಬಂತು, ಒಲೆ ಕಟ್ಟಿದರು. ಆದರೆ ಕಬ್ಬು ಕೊಳ್ಳುವುದಕ್ಕೂ ಆಳುಗಳ ಮುಂಗಡಕ್ಕೂ ಕೈಯಲ್ಲಿ ಹಣ ಉಳಿಯಲಿಲ್ಲ. ಸಹಾಯಧನ ಬಂದೊಡನೆ ಅದರಿಂದ ನಡೆಸಬಹುದೆಂದು ಅವನು ಎಣಿಸಿದ್ದನು. ಅದು ಬ್ಯಾಂಕಿನ ಲೆಕ್ಕದಲ್ಲಿ ಬೀಗ ಬಿದ್ದು ಕುಳಿತಿರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ನಾನೂ ಹೇಳಿರಲಿಲ್ಲ. ತಿಂಗಳಿಗೆ ನೂರಕ್ಕೆ ಮೂರರ ಕೈಸಾಲ ತಂದು ಕಬ್ಬು ಕೊಂಡನು. ಮೊದಲ ಎರಡು ತಿಂಗಳು ನಡೆಯಿತು. ಆಮೇಲೆ ಬೆಲ್ಲದ ಧಾರಣೆ ಇಳಿಯಿತು, ಮುಂಗಡ ತೆಗೆದುಕೊಂಡ ಅಡುವಾಳು ಬೇರೆ ಆಲೆಮನೆಗೆ ಹೋದನು. ಎರಡನೆಯ ವರ್ಷ ಒಲೆ ಹತ್ತಲಿಲ್ಲ. ಬ್ಯಾಂಕಿನವರು ಸಹಾಯಧನವನ್ನು ಹಿಂದಕ್ಕೆ ಕಳುಹಿಸಿದರು. ಒಂದು ಎಕರೆ ಗದ್ದೆ ಮಾರಾಟವಾಯಿತು.

ಆ ಮನೆಗೆ ನಾನು ಹೋದಾಗ ಅವನು ಏನೂ ಅನ್ನಲಿಲ್ಲ. ಅವನ ತಾಯಿ ಮಾತ್ರ, “ಸರ್ಕಾರ ಕೊಟ್ಟ ದುಡ್ಡನ್ನು ಸರ್ಕಾರವೇ ಯಾಕೆ ತಕ್ಕೊಂಡು ಹೋಯಿತು, ಸ್ವಾಮಿ?” ಎಂದು ಕೇಳಿದರು. ಕೊಟ್ಟೇ ಇರಲಿಲ್ಲ, ಕೊಡುವೆವೆಂದು ತೋರಿಸಿ ಇಟ್ಟಿದ್ದರು ಎಂದು ಆ ಮುದುಕಿಗೆ ಹೇಗೆ ತಿಳಿಸುವುದು?

ಆದಕಾರಣ ಈ ಸಭೆಯಲ್ಲಿ ನಾನು ಒತ್ತಿ ಹೇಳತಕ್ಕದ್ದೇನೆಂದರೆ: ಸಹಾಯಧನವೇ ಇಲ್ಲವೆಂದು ಭಾವಿಸಿ ಮೊದಲು ಲೆಕ್ಕ ಹಾಕಿರಿ. ಹಾಗೆ ಹಾಕಿದ ಲೆಕ್ಕದಲ್ಲಿ ಮೂರು ವರ್ಷ ಉದ್ಯಮವು ನಿಲ್ಲುವುದಾದರೆ ಅರ್ಜಿ ಹಾಕಿರಿ. ಸಹಾಯಧನ ಬಂದರೆ ಮಾತ್ರ ನಿಲ್ಲುತ್ತದೆ ಎನ್ನುವುದಾದರೆ ಆ ಉದ್ಯಮವನ್ನು ಬಿಡಿರಿ, ಇಲ್ಲವೇ ಚಿಕ್ಕದಾಗಿ ಮಾಡಿರಿ.

ನಡೆಸುವ ಹಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚು ಮಂದಿ ಬೀಳುವುದು ಇಲ್ಲಿಯೇ. ದಿನಕ್ಕೆ ೫ ಟನ್ ಅರೆಯುವ ಸಣ್ಣ ಆಲೆಮನೆಯನ್ನು ತೆಗೆದುಕೊಳ್ಳಿರಿ. ಕಬ್ಬಿನ ಜಾತಿ ಮತ್ತು ಹದವನ್ನು ನೋಡಿಕೊಂಡು ಒಂದು ಟನ್ನಿಗೆ ಸುಮಾರು ಒಂದು ಕ್ವಿಂಟಾಲ್ ಬೆಲ್ಲ ಇಳಿಯುತ್ತದೆ. ೨೦೨೫-೨೬ರ ಹಂಗಾಮಿಗೆ ಕೇಂದ್ರ ಸರ್ಕಾರದವರು ಸಕ್ಕರೆ ಕಾರ್ಖಾನೆಗಳಿಗೆ ಗೊತ್ತುಮಾಡಿದ ಕಬ್ಬಿನ ದರವು ಕ್ವಿಂಟಾಲಿಗೆ ೩೫೫ ರೂಪಾಯಿ. ಆಲೆಮನೆಯವರು ಆ ದರಕ್ಕೆ ಕಟ್ಟುಬಿದ್ದವರಲ್ಲ. ಅಂದಾಜಿಗೆ ಅದನ್ನೇ ಹಿಡಿದರೂ ದಿನದ ಕಬ್ಬಿಗೆ ೧೭,೭೫೦ ರೂಪಾಯಿ ಬೇಕು. ಬೆಲ್ಲ ಮಾರಿದ ಹಣ ಮಂಡಿಯಿಂದ ತಿರುಗಿ ಬರುವುದಕ್ಕೆ ಹದಿನೈದು ದಿನ ಹಿಡಿದರೆ ಕಬ್ಬಿಗೇ ೨,೬೬,೨೫೦ ರೂಪಾಯಿ ಕೈಯಲ್ಲಿರಬೇಕು. ಆಳಿನ ಕೂಲಿ, ಸಾಗಣೆ, ವಿದ್ಯುತ್ತು ಬೇರೆ. ಸ್ವಂತ ಕಬ್ಬುಳ್ಳವನಿಗೆ ಇದರ ಭಾರ ಕಡಿಮೆ. ಪರರ ಕಬ್ಬನ್ನೇ ನಂಬಿ ಗಾಣ ಹೂಡುವವನು ಬ್ಯಾಂಕಿನವರ ಹತ್ತಿರ ಯಂತ್ರದ ಸಾಲದೊಂದಿಗೆ ನಡೆಸುವ ಹಣದ ಸಾಲವನ್ನೂ ಮೊದಲೇ ಮಾತನಾಡಿಕೊಳ್ಳಬೇಕು. (ಬೆಲ್ಲ ಬೆಳ್ಳಗಿದ್ದರೆ ಹೆಚ್ಚು ಬೆಲೆಯೆಂದು ಹೈಡ್ರೋಸ್ ಸುರಿಯುವ ಅಭ್ಯಾಸವನ್ನು ಬಿಡಬೇಕೆಂದು ಹಿಂದೆಯೂ ಹೇಳಿದ್ದೇನೆ. ಆಹಾರ ಸುರಕ್ಷತೆಯ ನೋಂದಣಿ ಪಡೆದ ಮೇಲಂತೂ ಅದು ನಿಮಗೇ ತೊಂದರೆ.)

ದಲ್ಲಾಳಿಗಳ ವಿಷಯ. ಈ ಯೋಜನೆಯಲ್ಲಿ ಅರ್ಜಿ ಬರೆಯುವುದಕ್ಕೂ ಯೋಜನಾ ವರದಿ ಸಿದ್ಧಪಡಿಸುವುದಕ್ಕೂ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿದರು. ಅವರ ಸಂಭಾವನೆಯನ್ನು ಯೋಜನೆಯಿಂದಲೇ ಕೊಡುವ ಏರ್ಪಾಡಾಯಿತು. ರೈತನು ಕೊಡಬೇಕಾದದ್ದು ಏನೂ ಇಲ್ಲ. “ಮಂಜೂರು ಮಾಡಿಸಿಕೊಡುತ್ತೇನೆ, ನೂರಕ್ಕೆ ಇಷ್ಟು ಕೊಡು” ಎನ್ನುವವನು ಯಾರೇ ಆಗಲಿ, ಅವನನ್ನು ಊರೊಳಗೆ ಸೇರಿಸದಿರುವುದು ಯಜಮಾನರ ಕೆಲಸ. ಹಾಗೆಯೇ ಸಾಲ ಮಂಜೂರಾಗುವ ಮೊದಲು ಯಂತ್ರಕ್ಕೆ ಮುಂಗಡ ಕೊಡಬೇಡಿರಿ. ಹಳೆಯ ಬೆಳೆ ಸಾಲವೋ ಒಡವೆ ಸಾಲವೋ ಸುಸ್ತಿಯಾಗಿದ್ದರೆ ಅದನ್ನು ತೀರಿಸಿಕೊಂಡೇ ಅರ್ಜಿ ಹಾಕಿರಿ, ಏಕೆಂದರೆ ಬ್ಯಾಂಕಿನವರು ಮೊದಲು ನೋಡುವುದು ಅದನ್ನೇ. ಮುಂದೆ ಎಂದಾದರೂ ಮನ್ನಾ ಆದೀತೆಂದು ಕಾಯುವವರೂ ಉಂಟು. ೨೦೧೮ರಲ್ಲಿ ರಾಜ್ಯ ಸರ್ಕಾರದವರು ಮನ್ನಾ ಮಾಡಿದ್ದು ಬೆಳೆ ಸಾಲಗಳನ್ನು. ಉದ್ಯಮದ ಸಾಲಗಳು ಅದಕ್ಕೆ ಸೇರಿರಲಿಲ್ಲ.

ಸಂಘಗಳಲ್ಲಿರುವ ಹೆಣ್ಣುಮಕ್ಕಳಿಗೆ ಇದೇ ಯೋಜನೆಯಲ್ಲಿ ಬೇರೆ ಒಂದು ಅನುಕೂಲವನ್ನು ಮಾಡಿದರು. ಹಪ್ಪಳ, ಉಪ್ಪಿನಕಾಯಿ, ರಾಗಿ ಹುರಿಹಿಟ್ಟು ಮೊದಲಾದವನ್ನು ಮಾಡುವ ಸ್ವಸಹಾಯ ಸಂಘದ ಸದಸ್ಯೆಗೆ ತಲಾ ೪೦,೦೦೦ ರೂಪಾಯಿಯ ವರೆಗೆ ಬೀಜಧನ; ಇದನ್ನು ನಡೆಸುವ ಹಣಕ್ಕೂ ಸಣ್ಣ ಉಪಕರಣಗಳಿಗೂ ಬಳಸಬಹುದು. ನನ್ನ ಅನುಭವದಲ್ಲಿ ಲೆಕ್ಕವನ್ನು ಶುದ್ಧವಾಗಿ ಇಟ್ಟವರು ಇವರೇ. ಗಂಡಸರು ಇದನ್ನು ಕೇಳಿ ಬೇಸರಪಡಬಾರದು.

ಆಹಾರವಲ್ಲದ ಕಸುಬುಗಳಿಗೆ ೨೦೦೮ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮವು ಬಂತು. ಇದನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರ ಮೂಲಕ ನಡೆಸಿದರು. ಗ್ರಾಮಾಂತರದಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ ೨೫, ಸ್ತ್ರೀಯರು ಮತ್ತು ಹಿಂದುಳಿದವರೇ ಮೊದಲಾದ ವಿಶೇಷ ವರ್ಗದವರಿಗೆ ೩೫. ಇಲ್ಲಿಯೂ ಸಹಾಯಧನವು ಮೂರು ವರ್ಷ ಬ್ಯಾಂಕಿನಲ್ಲಿಯೇ ಠೇವಣಿಯಾಗಿ ಇರತಕ್ಕದ್ದು. ೨೦೧೫ರ ಮುದ್ರಾ ಸಾಲದಲ್ಲಾದರೋ ಸಹಾಯಧನವೇ ಇಲ್ಲ, ಅದು ಬರೀ ಸಾಲ. ಜಾಮೀನು ಕೇಳುವುದಿಲ್ಲವೆಂಬುದೇ ಅದರ ಅನುಕೂಲ.

ಆಹಾರ ಸಂಸ್ಕರಣೆಯ ಯೋಜನೆಯನ್ನು ಮೊದಲು ೨೦೨೪-೨೫ರ ವರೆಗೆ ಗೊತ್ತುಮಾಡಿ, ಆಮೇಲೆ ೨೦೨೫-೨೬ರ ವರೆಗೆ ಬೆಳೆಸಿದರು. ಇಂಥ ಯೋಜನೆಗಳಿಗೆ ಅವಧಿಯುಂಟು, ನಿಯಮಗಳೂ ಬದಲಾಗುತ್ತವೆ. ಆದ್ದರಿಂದ ನೆರೆಯೂರಿನವನಿಗೆ ಹೋದ ವರ್ಷ ಸಿಕ್ಕಿತೆಂಬ ಮಾತನ್ನು ಆಧಾರವಾಗಿಟ್ಟುಕೊಂಡು ಒಲೆಗೆ ಇಟ್ಟಿಗೆ ಇಳಿಸಬೇಡಿರಿ. ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರ ಕಛೇರಿಯಲ್ಲಿ ಆ ವರ್ಷದ ಸ್ಥಿತಿಯನ್ನು ವಿಚಾರಿಸಿ, ಬರಹದಲ್ಲಿ ತೆಗೆದುಕೊಳ್ಳಿರಿ.

ಸಭೆ ಮುಗಿದ ಮೇಲೆ ನಾನು ಸಂಜೆಯ ವರೆಗೆ ಇಲ್ಲಿಯೇ ಜಗಲಿಯ ಮೇಲೆ ಇರುತ್ತೇನೆ. ಯಂತ್ರದ ದರಪಟ್ಟಿಯನ್ನು ಈಗಾಗಲೇ ತರಿಸಿಕೊಂಡಿರುವವರು ಅದನ್ನೂ ಬ್ಯಾಂಕಿನ ಪುಸ್ತಕವನ್ನೂ ತನ್ನಿರಿ; ಒಬ್ಬೊಬ್ಬರದೇ ಲೆಕ್ಕವನ್ನು ಕುಳಿತು ನೋಡೋಣ. ಈ ಸಾರಿ ನನಗೆ ಅವಸರವಿಲ್ಲ.